ಸೈಟಿನಲ್ಲಿ ಅಳೆದು ನೋಡಿಕೊಳ್ಳಿ

ಹನ್ನೊಂದು ವರ್ಷ ಗೆರೆ ಎಳೆದೇ ಅಕ್ಕಿ ತಂದವಳು ನಾನು.
ಪುಣೆಯ ಭವಾನಿ ಪೇಠಿನಲ್ಲಿ, ಟಿಂಬರ್ ಮಾರ್ಕೆಟ್ಟಿನ ಬೆನ್ನಿಗೆ,
ಏಳಕ್ಕೆಲ್ಲ ಗರಗಸ ಒದರುವ ಬೀದಿಯಲ್ಲಿ
ಮೂರನೆಯ ಮಹಡಿ, ಒಂದು ಕೋಣೆ, ಒಂದು ಮೇಜು,
ಕಿಟಕಿಯ ಸರಳಿಗೆ ದಿನವೂ ಅಂಟುವ ಸಾಗವಾನಿಯ ಪುಡಿ.

ವಾರ್ಡ್‌ರೋಬು, ಅಡುಗೆಮನೆಯ ಕಪಾಟು, ದಂತವೈದ್ಯರ ಕೌಂಟರು,
ಒಮ್ಮೆ ಕೋಂಢ್ವಾದಲ್ಲಿ ಒಬ್ಬರಿಗೆ ಪಾರಿವಾಳದ ಗೂಡು ಕೂಡ.
ಮರ ಯಾರದೋ, ಮನೆ ಯಾರದೋ,
ಗೆರೆ ಮಾತ್ರ ನನ್ನದು.
ದಪ್ಪ ಗೆರೆ ಎಂದರೆ ಕೊಯ್ದದ್ದು. ತೆಳು ಗೆರೆ ಎಂದರೆ ಕಂಡದ್ದು.
ತುಂಡು ತುಂಡು ಗೆರೆ ಎಂದರೆ
ಇದೆ, ಆದರೆ ಕಾಣದು.
ಈ ಮೂರರಲ್ಲಿ ಲೋಕವೆಲ್ಲ ಹಿಡಿಯುತ್ತದೆ ಎಂದುಕೊಂಡಿದ್ದೆ.

ದೀಪಾವಳಿ ಮುಗಿದ ಸೋಮವಾರ ಬಾಣೇರಿನ ಆಫೀಸಿನವರು ಅಂದರು:
“ಸುಲಕ್ಷಣಾ ಮೇಡಂ, ಇನ್ನು ಡ್ರಾಯಿಂಗ್ ಬೇಡ, ಮಾಡೆಲ್ ಕೊಡಿ.”
ಇಪ್ಪತ್ತೆರಡು ಸಾವಿರದ ನನ್ನ ಇನ್ವಾಯ್ಸು ಬಾಕಿ ಇಟ್ಟುಕೊಂಡೇ ಅಂದರು.
ಸ್ಕೂಟಿ ಮಾರಿ ಕಂಪ್ಯೂಟರಿಗೆ ಮಿದುಳು ಕೊಡಿಸಿದೆ.
ಕಲಿಯಲು ಕುಳಿತೆ, ನಲವತ್ಮೂರಕ್ಕೆ,
ಪಕ್ಕದ ಮನೆಯ ಹುಡುಗ ಏಳರ ಮಗ್ಗಿಯಲ್ಲಿ ಎಡವುವ ಹೊತ್ತಿಗೆ.

ಮೊದಲ ರಾತ್ರಿ ಒಂದು ಗೆರೆ ಎಳೆದೆ.
ಏನಿದು, ಎಂದಿತು.
ಗೋಡೆಯೋ? ಯಾವ ಗೋಡೆ? ಎಷ್ಟು ಎತ್ತರ?
ಯಾವ ಮಹಡಿಯಿಂದ ಯಾವ ಮಹಡಿಗೆ? ಒಳಗೇನು, ಹೊರಗೇನು,
ಬೆಂಕಿ ಬಿದ್ದರೆ ಎಷ್ಟು ಹೊತ್ತು ತಡೆದೀತು?
ನನ್ನನ್ನು ನೋಡಲು ಬಂದಿದ್ದ ಗಂಡಿನ ಕಡೆಯವರೂ ಇಷ್ಟು ಕೇಳಿರಲಿಲ್ಲ.

ಎರಡನೆಯ ರಾತ್ರಿ ಬಾಗಿಲು.
ಎಷ್ಟು ಸಲ ಇಟ್ಟರೂ ನಿಲ್ಲದು.
ಬಾಗಿಲಿಗೊಂದು ಗೋಡೆ ಬೇಕಂತೆ, ಗೋಡೆಯೇ ಯಜಮಾನ,
ಅದು ಸರಿದರೆ ಇದೂ ಸರಿಯಬೇಕು,
ಅದನ್ನು ಅಳಿಸಿದರೆ ಇದೂ ಹೋಯಿತು, ಕೇಳುವವರಿಲ್ಲ.
ಮೇಲೆ ಪ್ರತಿ ಬಾಗಿಲಿಗೂ ಒಂದು ಫ್ಯಾಮಿಲಿ ಅಂತೆ.
ಒಬ್ಬಳೇ ನಕ್ಕೆ.
ಸಂಬಳವಿಲ್ಲ, ಪಿಎಫ್ ಇಲ್ಲ, ಯಾವ ಆಫೀಸಿನ ಗೋಡೆಗೂ ಸೇರದೆ
ಇಷ್ಟು ವರ್ಷ ತೆರೆದುಕೊಂಡೂ ಮುಚ್ಚಿಕೊಂಡೂ ನಿಂತಿದ್ದೇನಲ್ಲ,
ನನ್ನನ್ನು ಎಲ್ಲಿ ಕೂರಿಸುತ್ತೀ?

ಭಂವರಲಾಲ್ ಜಾಂಗಿಡ್ ಬಂದರು, ಕಿವಿಯ ಮೇಲೆ ಪೆನ್ಸಿಲು,
ಬೆರಳ ತುಂಬ ಅಂಟಿನ ಒಣ ಪೊರೆ.
ತಿರುಗಿಸಿ ತೋರಿಸಿದೆ, ಮೇಲಿಂದ, ಕೆಳಗಿಂದ, ಗೋಡೆಯೊಳಗಿಂದ.
ಕಪಾಟಿನ ಬೆನ್ನಿಗೆ ನೀರಿನ ಪೈಪು ಹಾಯ್ದದ್ದು ಕೆಂಪಗೆ ಉರಿಯಿತು.
“ಹೋದ ವರ್ಷ ಇದು ಕಂಡಿದ್ದರೆ ನಾಲ್ಕು ಹಾಳೆ ಪ್ಲೈ ಉಳೀತಿತ್ತು,” ಅಂದರು.
ಆಮೇಲೆ ಒಂದು ಮೂಲೆಗೆ ಬೆರಳಿಟ್ಟು,
“ಗೋಡೆ ಇಷ್ಟು ನೆಟ್ಟಗೆ ಯಾವ ಊರಲ್ಲಿದೆ?”

ಸದಾಶಿವ ಪೇಠಿನ ಆ ವಾಡೆಯಲ್ಲಿ, ನೆಲ ಬಿಟ್ಟು ಜಂತಿ ಮುಟ್ಟುವಷ್ಟರಲ್ಲಿ
ಹದಿನಾಲ್ಕು ಮಿಲಿಮೀಟರು ವಾಲು.
ಮೊನ್ನೆ ಕಟ್ಟಿದ ಟವರಿನಲ್ಲೂ ಒಂಬತ್ತು.
ಆ ವಾಲನ್ನು ನಾನು ಎಂದೂ ಬರೆದವಳಲ್ಲ.
ಹಾಳೆಯ ಅಡಿಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲು ಹಾಕಿಬಿಡುತ್ತಿದ್ದೆ:
ಸೈಟಿನಲ್ಲಿ ಅಳೆದು ನೋಡಿಕೊಳ್ಳಿ.
ಇಷ್ಟು ವರ್ಷದಲ್ಲಿ ನಾನು ಬರೆದ ಪ್ರಾಮಾಣಿಕ ಸಾಲು ಅದೊಂದೇ ಇರಬೇಕು.
ಆ ಸಾಲಿನ ಕೆಳಗೆ ಈತ ಕುಳಿತಿದ್ದರು,
ಮೊಣಕಾಲೂರಿ, ಒಂದು ಪಟ್ಟಿಯನ್ನು ಗೋಡೆಗೆ ಒತ್ತಿ,
ಗೋಡೆಯ ಸೊಟ್ಟವನ್ನೇ ಪೆನ್ಸಿಲಿನಲ್ಲಿ ಇಳಿಸಿಕೊಂಡು,
ಕೀಸುಳಿಯಿಂದ ಹೆರೆದು ಹೆರೆದು,
ಗೋಡೆಗೂ ಕಪಾಟಿಗೂ ಜಗಳವೇ ಇರಲಿಲ್ಲ ಎನ್ನುವ ಹಾಗೆ.

ನಿನ್ನೆ ರಾತ್ರಿ ಅಂಥದೊಂದು ಪಟ್ಟಿ ಮಾಡಿದೆ.
ದಪ್ಪ ಹದಿನೆಂಟು.
ಅಗಲ ಗೊತ್ತಿಲ್ಲ ಎಂದರೆ ಒಪ್ಪದು, ಅದಕ್ಕೇ ಹೇಳಿದೆ
ಇಪ್ಪತ್ತರಿಂದ ಐವತ್ತರೊಳಗೆ ಎಷ್ಟಾದರೂ ಆಗಲಿ.
ಒಪ್ಪಿಕೊಂಡಿತು.
ಫ್ಯಾಮಿಲಿಯ ಹೆಸರು?
ಭಂವರಲಾಲ್, ಎಂದು ಟೈಪಿಸಿ ಮಲಗಿದೆ.

ಬೆಳಿಗ್ಗೆ ಬಾಣೇರಿನಿಂದ ಫೋನು.
“ಮೇಡಂ, ಪಟ್ಟಿಯಲ್ಲಿ ಇಪ್ಪತ್ತಾರು ಭಂವರಲಾಲ್ ಬರ್ತಿದ್ದಾರೆ. ಏನಿದು?”
ಕಿಟಕಿಯಾಚೆ ಗರಗಸ ಶುರುವಾಗಿತ್ತು, ಗಂಟಲೇರಿಸಿ ಹೇಳಬೇಕಾಯಿತು.
ಅಷ್ಟೂ ಬೇಕು, ಅಂದೆ.
ಮತ್ತೆ, ಆ ಇನ್ವಾಯ್ಸು?